ಕೆಸರೆತ್ತಲು ಬಂದ ಕಾಲೇಜು ಹುಡುಗರು

ನೀರು ಇಳಿದ ಮರುದಿನ ಮನೆಯ ಬಾಗಿಲು ಸುಲಭಕ್ಕೆ ತೆರೆಯುವುದಿಲ್ಲ. ಮರ ಉಬ್ಬಿ ಚೌಕಟ್ಟನ್ನು ಕಚ್ಚಿರುತ್ತದೆ. ಹೆಗಲು ಕೊಟ್ಟು ನೂಕಿದರೆ ಒಳಗಿನ ಕೆಸರು ಎದುರಿನಿಂದ ನೂಕುತ್ತದೆ. ಹೇಗೋ ಒಳಗೆ ಕಾಲಿಟ್ಟರೆ ಗೋಡೆಯ ಮೇಲೆ ಎದೆಮಟ್ಟಕ್ಕೆ ನೀರಿನ ಗೆರೆ. ಅಡುಗೆಮನೆಯ ಡಬ್ಬಿ ದೇವರಕೋಣೆಯಲ್ಲಿ, ದೇವರ ಪಟ ಬಚ್ಚಲಲ್ಲಿ. ಹಾಸಿಗೆ ನೀರು ಕುಡಿದು ನಾಲ್ವರು ಎತ್ತಿದರೂ ಏಳದು. ಮಲಪ್ರಭೆಯ ದಂಡೆಯಾಗಲಿ, ಕೇರಳದ ಕುಟ್ಟನಾಡಾಗಲಿ, ಸ್ಪೇನಿನ ವೆಲೆನ್ಸಿಯಾ ಆಗಲಿ, ಆ ಹೊತ್ತಿನ ಮನೆಗಳ ನೋಟ ಹೆಚ್ಚುಕಮ್ಮಿ ಒಂದೇ.

ದೋಣಿಯವರು ಜೀವ ಉಳಿಸಿ ಹೋಗಿದ್ದಾರೆ. ಮಂತ್ರಿಗಳು ಬಂದು ನೋಡಿ ಹೋಗಿದ್ದಾರೆ. ಟಿವಿಯವರ ಗಾಡಿ ಮುಂದಿನ ಊರಿಗೆ ಹೊರಟಿದೆ. ಈಗ ಉಳಿದಿರುವುದು ಮನೆಯವರು ಮತ್ತು ಕೆಸರು, ಇಷ್ಟೇ.

ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆಯಲ್ಲಿ ಅರ್ಧ ಅಡಿ ಹಸಿ ಕೆಸರು ನಿಂತರೆ ಅದರ ತೂಕ 3 ಟನ್ನಿನ ಹತ್ತಿರ. ಬಾಂಡಲಿಗೆ 15 ಕಿಲೋ ತುಂಬಿಸಿದರೂ 200 ಬಾಂಡಲಿ ಹೊರಬೇಕು. ಅದು ಒಂದೇ ಕೋಣೆಯ ಲೆಕ್ಕ. ಮಕ್ಕಳು ಪರವೂರಿನಲ್ಲಿದ್ದು, ಅರವತ್ತು ದಾಟಿದ ಗಂಡ ಹೆಂಡತಿ ಇಬ್ಬರೇ ಇರುವ ಮನೆಯಾದರೆ ಈ ಕೆಲಸ ಮುಗಿಯುವುದೇ ಇಲ್ಲ. ನಾಲ್ಕು ದಿನ ಬಿಟ್ಟರೆ ಕೆಸರು ಗಟ್ಟಿಯಾಗಿ ಗುದ್ದಲಿಗೆ ಸಿಗುತ್ತದೆಯೇ ಹೊರತು ಸಲಿಕೆಗೆ ಸಿಗುವುದಿಲ್ಲ.

ಈ ಕೆಲಸಕ್ಕೆ ಪದವಿ ಬೇಡ, ಯಂತ್ರವೂ ಎಲ್ಲ ಕಡೆ ನುಗ್ಗದು. ಬೇಕಾದದ್ದು ತುಂಬಾ ಕೈಗಳು, ಗಟ್ಟಿ ಬೆನ್ನು, ಬಿಡುವು. ಈ ಮೂರೂ ಒಟ್ಟಿಗಿರುವುದು ಇಪ್ಪತ್ತರ ಆಸುಪಾಸಿನಲ್ಲಿ. ಇದನ್ನು ಅತ್ಯಂತ ಚೆನ್ನಾಗಿ ತೋರಿಸಿಕೊಟ್ಟ ಊರು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್. ವಿಚಿತ್ರವೆಂದರೆ ಅಲ್ಲಿ ಪ್ರವಾಹ ಬಂದಿರಲಿಲ್ಲ. ಕೆಸರು ಬಂದದ್ದು ನೆಲದಡಿಯಿಂದ.

ನೆಲ ಕಾರಿದ ಹೂಳು

2010ರ ಸೆಪ್ಟೆಂಬರ್ 4, ಶನಿವಾರ ಬೆಳಗಿನ ಜಾವ 4 ಗಂಟೆ 35 ನಿಮಿಷ. ಕ್ರೈಸ್ಟ್‌ಚರ್ಚ್‌ನ ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರ್ ದೂರದ ಡಾರ್‌ಫೀಲ್ಡ್ ಬಳಿ 7.1 ಪ್ರಮಾಣದ ಭೂಕಂಪವಾಯಿತು. ಹಳೆಯ ಇಟ್ಟಿಗೆ ಕಟ್ಟಡಗಳ ಮುಂಗೋಡೆಗಳು ಬೀದಿಗೆ ಉರುಳಿದವು. ಆ ಹೊತ್ತಿಗೆ ಬೀದಿಗಳಲ್ಲಿ ಜನರಿರಲಿಲ್ಲ. ಊರು ಜೀವಸಹಿತ ಪಾರಾಯಿತು.

ಬೆಳಕು ಹರಿದಾಗ ಪೂರ್ವದ ಬಡಾವಣೆಗಳಲ್ಲಿ ಬೇರೆಯೇ ಸಂಗತಿ ಕಾದಿತ್ತು. ಏವನ್ ನದಿಯ ಆಚೀಚೆಗಿನ ಬೆಕ್ಸ್‌ಲಿ, ಏವನ್‌ಸೈಡ್, ಡ್ಯಾಲಿಂಗ್ಟನ್ ಬೀದಿಗಳಲ್ಲಿ, ಹಿತ್ತಿಲುಗಳಲ್ಲಿ, ಕೆಲವು ಮನೆಗಳ ನೆಲ ಸೀಳಿಕೊಂಡು ಒಳಗೂ, ಬೂದು ಬಣ್ಣದ ಕೆಸರು ಉಕ್ಕಿ ಹರಡಿತ್ತು. ಸಣ್ಣ ಜ್ವಾಲಾಮುಖಿಗಳಂತೆ ಅಲ್ಲಲ್ಲಿ ಮರಳಿನ ಗುಪ್ಪೆಗಳು. ಕಾರುಗಳು ಚಕ್ರದ ಮಟ್ಟಕ್ಕೆ ಹೂತಿದ್ದವು.

ಇದಕ್ಕೆ ಕಾರಣ ಅಲ್ಲಿನ ನೆಲದ ಹುಟ್ಟು. ವಲಸಿಗರು ಊರು ಕಟ್ಟುವ ಮೊದಲು ಆ ಪ್ರದೇಶದ ಬಹುಭಾಗ ಜೌಗು. ಕೆಳಗೆ ನಯವಾದ ಮರಳು, ಹೂಳು. ಒಂದೆರಡು ಮೀಟರ್ ತೋಡಿದರೆ ನೀರು. ಸೇರಿಗೆ ಅಕ್ಕಿ ಸುರಿದು ಕುಲುಕಿದರೆ ಕಾಳುಗಳು ಒತ್ತಾಗಿ ಕೂತು ಮಟ್ಟ ಇಳಿಯುತ್ತದಲ್ಲ, ಮರಳೂ ಅದನ್ನೇ ಮಾಡಲು ಹೊರಡುತ್ತದೆ. ಆದರೆ ಕಣಗಳ ನಡುವೆ ನೀರು ತುಂಬಿದೆ. ಕೆಲವೇ ಸೆಕೆಂಡುಗಳ ಕಂಪನದಲ್ಲಿ ಆ ನೀರಿಗೆ ಹೊರಹೋಗಲು ಸಮಯವಿಲ್ಲ, ಒತ್ತಡ ಏರುತ್ತದೆ. ಕಣಗಳು ಒಂದಕ್ಕೊಂದು ಆತು ನಿಲ್ಲುವುದನ್ನು ಬಿಟ್ಟು ನೀರಿನಲ್ಲಿ ತೇಲುತ್ತವೆ. ಅಷ್ಟು ಹೊತ್ತು ನೆಲ ನೆಲವಾಗಿರುವುದಿಲ್ಲ, ದ್ರವವಾಗಿರುತ್ತದೆ. ಭಾರದ ಮನೆ ಕುಸಿಯುತ್ತದೆ, ಹೂತಿಟ್ಟ ಹಗುರ ಟ್ಯಾಂಕುಗಳು ಮೇಲೇಳುತ್ತವೆ, ಒತ್ತಡದ ನೀರು ಮರಳನ್ನು ಹೊತ್ತು ಸಿಕ್ಕ ಬಿರುಕಿನಿಂದ ಚಿಮ್ಮುತ್ತದೆ. ಭೂವಿಜ್ಞಾನಿಗಳು ಇದನ್ನು ಮಣ್ಣಿನ ದ್ರವೀಕರಣ ಎನ್ನುತ್ತಾರೆ.

ನಮ್ಮ ದೇಶಕ್ಕೂ ಇದು ಹೊಸದಲ್ಲ. 1934ರ ಜನವರಿ 15ರ ಬಿಹಾರ ಭೂಕಂಪದಲ್ಲಿ ಉತ್ತರ ಬಿಹಾರದ ಹೊಲಗಳ ಮೇಲೆ ಮರಳು ಉಕ್ಕಿ ಹರಡಿತ್ತು, ಬಾವಿಗಳು ತುಂಬಿ ಮುಚ್ಚಿಹೋಗಿದ್ದವು. ಜೈಲಿನಲ್ಲಿದ್ದ ರಾಜೇಂದ್ರ ಪ್ರಸಾದರು ಬಿಡುಗಡೆಯಾಗಿ ಬಂದು ಪರಿಹಾರ ಕಾರ್ಯದ ಹೊಣೆ ಹೊತ್ತರು. ಮುಂಗೇರ್ ಪಟ್ಟಣದಲ್ಲಿ ಜವಾಹರಲಾಲ್ ನೆಹರೂ ಗುದ್ದಲಿ ಹಿಡಿದು ಅವಶೇಷ ಅಗೆಯುವವರ ಜೊತೆ ನಿಂತರು. ಅದನ್ನು ಅವರೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ.

ಒಣಗಿದ ಕಡೆಯಿಂದ ಒದ್ದೆ ಕಡೆಗೆ

ಕ್ರೈಸ್ಟ್‌ಚರ್ಚ್‌ನ ಕ್ಯಾಂಟರ್‌ಬರಿ ವಿಶ್ವವಿದ್ಯಾಲಯ ಇರುವುದು ಊರಿನ ಪಶ್ಚಿಮದ ಇಲಾಮ್ ಬಡಾವಣೆಯಲ್ಲಿ. ಅಲ್ಲಿ ನೆಲದಡಿ ಹೆಚ್ಚಾಗಿ ಜಲ್ಲಿಕಲ್ಲು. ನೀರು ಸರಾಗ ಬಸಿಯುತ್ತದೆ, ದ್ರವೀಕರಣದ ಕಾಟ ಇಲ್ಲವೆನ್ನುವಷ್ಟು ಕಡಿಮೆ. ಒಂದೇ ಊರು, ಅದರ ಒಂದು ಮಗ್ಗುಲಿನಲ್ಲಿ ಜನ ಮನೆಯೊಳಗಿನ ಕೆಸರು ನೋಡಿ ಕೈಚೆಲ್ಲಿ ಕೂತಿದ್ದರೆ ಇನ್ನೊಂದು ಮಗ್ಗುಲಿನಲ್ಲಿ ಸಾವಿರಾರು ವಿದ್ಯಾರ್ಥಿಗಳಿಗೆ ರಜೆ. ವಿಶ್ವವಿದ್ಯಾಲಯ ಬಾಗಿಲು ಹಾಕಿತ್ತು.

ಕಾನೂನು ಮತ್ತು ರಾಜ್ಯಶಾಸ್ತ್ರ ಓದುತ್ತಿದ್ದ ಸ್ಯಾಮ್ ಜಾನ್ಸನ್ ಎಂಬ ವಿದ್ಯಾರ್ಥಿ ಫೇಸ್‌ಬುಕ್‌ನಲ್ಲಿ ಒಂದು ಆಹ್ವಾನ ಹಾಕಿದ. ಮನೆಗಳಿಂದ ಹೂಳು ತೆಗೆಯಲು ಬರುವವರು ಬನ್ನಿ ಎಂಬಷ್ಟೇ ಸಂದೇಶ. ಅಂದಿನ ದಿನಗಳಲ್ಲಿ ವಿದ್ಯಾರ್ಥಿಗಳು ಪಾರ್ಟಿಗಳಿಗೆ ಜನ ಕೂಡಿಸುತ್ತಿದ್ದುದೂ ಇದೇ ದಾರಿಯಲ್ಲಿ. ಮೊದಲ ದಿನ ಬಂದವರು ನೂರರ ಲೆಕ್ಕದಲ್ಲಿ, ಬರಬರುತ್ತಾ ಗುಂಪು ಬೆಳೆಯಿತು. ಆ ಸೆಪ್ಟೆಂಬರಿನಲ್ಲಿ ಒಟ್ಟು ಸುಮಾರು 2,500 ಮಂದಿ ಸಲಿಕೆ ಹಿಡಿದರು. ತಮಾಷೆಗೆ ತಮ್ಮನ್ನು ವಿದ್ಯಾರ್ಥಿ ಸ್ವಯಂಸೇವಕ ಸೇನೆ ಎಂದು ಕರೆದುಕೊಂಡರು. ಆ ಹೆಸರೇ ನಿಂತಿತು.

ಅಧಿಕಾರಿಗಳು ಮೊದಲಿಗೆ ಉತ್ಸಾಹ ತೋರಲಿಲ್ಲ. ತರಬೇತಿಯಿಲ್ಲದ ಹುಡುಗರು, ಮೇಲಿಂದ ಮರುಕಂಪನಗಳು. ಯಾರಿಗಾದರೂ ಏನಾದರೂ ಆದರೆ ಉತ್ತರ ಹೇಳುವವರು ಯಾರು? ಈ ಅನುಮಾನವನ್ನು ಸುಮ್ಮನೆ ಅಧಿಕಾರಶಾಹಿಯ ಮೊಂಡುತನ ಎಂದು ತಳ್ಳಿಹಾಕುವುದು ಸುಲಭ. ಆದರೆ ವಿಪತ್ತಿನ ಊರಿಗೆ ನುಗ್ಗುವ ಉತ್ಸಾಹಿಗಳು ರಸ್ತೆ ಕಟ್ಟುವುದು, ಸಂತ್ರಸ್ತರ ಊಟ ನೀರಿಗೇ ಪಾಲುದಾರರಾಗುವುದು ಎಲ್ಲ ದೇಶದಲ್ಲೂ ನಡೆಯುತ್ತದೆ. ಅನುಮಾನಕ್ಕೆ ಆಧಾರವಿತ್ತು. ಹುಡುಗರು ಅದನ್ನು ಭಾಷಣದಿಂದ ಹೋಗಲಾಡಿಸಲಿಲ್ಲ. ಸ್ವಚ್ಛವಾದ ಬೀದಿಗಳನ್ನು ತೋರಿಸಿ ಹೋಗಲಾಡಿಸಿದರು.

ಫೆಬ್ರುವರಿಯ ಮಧ್ಯಾಹ್ನ

ಊರು ಸುಧಾರಿಸಿಕೊಳ್ಳುತ್ತಿದ್ದಾಗಲೇ ದೊಡ್ಡ ಪೆಟ್ಟು ಬಿತ್ತು. 2011ರ ಫೆಬ್ರುವರಿ 22, ಮಂಗಳವಾರ ಮಧ್ಯಾಹ್ನ 12 ಗಂಟೆ 51 ನಿಮಿಷ. ಪ್ರಮಾಣ 6.3, ಸೆಪ್ಟೆಂಬರಿನದಕ್ಕಿಂತ ಕಡಿಮೆ. ಆದರೆ ಕೇಂದ್ರ ಊರಿನ ಅಂಚಿನಲ್ಲೇ ಇತ್ತು, ಆಳ ಐದಾರು ಕಿಲೋಮೀಟರ್ ಮಾತ್ರ. ಊಟದ ಹೊತ್ತು, ಪೇಟೆಯ ತುಂಬ ಜನ. 185 ಮಂದಿ ಸತ್ತರು. ಅವರಲ್ಲಿ 115 ಮಂದಿ ಸಿಟಿವಿ ಎಂಬ ಒಂದೇ ಕಟ್ಟಡದಲ್ಲಿ. ಇಂಗ್ಲಿಷ್ ಕಲಿಯಲೆಂದು ಜಪಾನ್, ಚೀನಾ ಮೊದಲಾದ ದೇಶಗಳಿಂದ ಬಂದಿದ್ದ ಯುವಜನರು ಆ ಕಟ್ಟಡದ ಶಾಲೆಯಲ್ಲಿದ್ದರು.

ನಗರದ ನಡುಭಾಗಕ್ಕೆ ಸೈನಿಕರು ಬೇಲಿ ಹಾಕಿದರು. ಅಲ್ಲಿ ನಡೆಯಬೇಕಿದ್ದುದು ತರಬೇತಿ ಪಡೆದವರ ಕೆಲಸ. ವಿದ್ಯಾರ್ಥಿ ಸೇನೆ ಆ ಬೇಲಿಯತ್ತ ಹೋಗಲೇ ಇಲ್ಲ, ಹೋಗಬೇಕೆಂದು ಹಟ ಹಿಡಿಯಲೂ ಇಲ್ಲ. ಪೂರ್ವದ ಬಡಾವಣೆಗಳಲ್ಲಿ ಮತ್ತೆ ಹೂಳು ಉಕ್ಕಿತ್ತು, ಈ ಬಾರಿ ಸೆಪ್ಟೆಂಬರಿಗಿಂತ ಎಷ್ಟೋ ಪಟ್ಟು ಹೆಚ್ಚು. ಒಳಚರಂಡಿ ಕೊಳವೆಗಳು ಒಡೆದು ಅದರೊಳಗೆ ಮಲಿನ ನೀರು ಬೆರೆತಿತ್ತು. ಹೊಸ ಶೈಕ್ಷಣಿಕ ವರ್ಷ ಆಗಷ್ಟೇ ಶುರುವಾಗಿದ್ದ ವಿಶ್ವವಿದ್ಯಾಲಯ ಮತ್ತೆ ಮುಚ್ಚಿತು. ಮುಂದೆ ತೆರೆದಾಗ ಎಷ್ಟೋ ಪಾಠಗಳು ಡೇರೆಗಳಲ್ಲಿ ನಡೆದವು.

ಹಳೆಯ ಗುಂಪು ಒಡನೆ ಎದ್ದು ಕೂತಿತು. ದಿನಕ್ಕೆ ಸಾವಿರಕ್ಕೂ ಹೆಚ್ಚು ಮಂದಿ. ಎಲ್ಲ ದಿನಗಳನ್ನು ಕೂಡಿದರೆ ಬಂದುಹೋದವರು ಹತ್ತು ಸಾವಿರ ಮೀರಿದರು. ರೈತರ ಸಂಘಟನೆಯೊಂದು ಟ್ರ್ಯಾಕ್ಟರ್, ಲೋಡರ್ ಸಮೇತ ಊರಿಗಿಳಿಯಿತು. ಮನೆಯೊಳಗಿಂದ, ಹಿತ್ತಿಲಿನಿಂದ ತಳ್ಳುಗಾಡಿಯಲ್ಲಿ ರಸ್ತೆಯಂಚಿಗೆ ತರುವುದು ವಿದ್ಯಾರ್ಥಿಗಳ ಪಾಲು, ಅಲ್ಲಿಂದ ಎತ್ತಿ ಸಾಗಿಸುವುದು ರೈತರ ಮತ್ತು ಗುತ್ತಿಗೆದಾರರ ಪಾಲು. ಹೀಗೆ ಎಲ್ಲರೂ ಸೇರಿ ಊರಿನಿಂದ ಹೊರಹಾಕಿದ ಹೂಳು 4 ಲಕ್ಷ ಟನ್ ಮೀರಿತು.

ಅಷ್ಟಕ್ಕೇ ಮುಗಿಯಲಿಲ್ಲ. ಅದೇ ವರ್ಷ ಜೂನ್ 13ರಂದು, ಮತ್ತೆ ಕ್ರಿಸ್‌ಮಸ್‌ಗೆ ಎರಡು ದಿನ ಮುಂಚೆ ನೆಲ ನಡುಗಿತು. ಬಳಿದು ತೊಳೆದಿದ್ದ ಹಿತ್ತಿಲುಗಳಲ್ಲೇ ಹೂಳು ಮತ್ತೆ ಎದ್ದಿತು. ಒಂದೇ ಅಂಗಳವನ್ನು ಮೂರನೆಯ ಸಲ, ನಾಲ್ಕನೆಯ ಸಲ ಬಳಿದವರಿದ್ದಾರೆ. ಇಂಥ ಕಡೆ ಸಲಿಕೆಗಿಂತ ಮೊದಲು ಮುರಿಯುವುದು ಮನೆಯವರ ಮನಸ್ಸು. ಅಪರಿಚಿತ ಹುಡುಗ ಹುಡುಗಿಯರು ಹನ್ನೆರಡು ಜನ ಗೇಟಿನಲ್ಲಿ ಬಂದು ನಿಂತಾಗ ಆಗುತ್ತಿದ್ದ ಉಪಕಾರದಲ್ಲಿ ಹೂಳಿನ ತೂಕ ಒಂದು ಭಾಗ ಮಾತ್ರ.

ಸಲಿಕೆಯ ಹಿಂದಿನ ಪಟ್ಟಿ

ಫೋಟೋಗಳಲ್ಲಿ ಕಾಣುವುದು ಗಮ್‌ಬೂಟು, ಕೆಸರು ಮೆತ್ತಿದ ಮುಖ, ನಗು. ಕಾಣದಿರುವುದು ಮೇಜು. ಕ್ರೈಸ್ಟ್‌ಚರ್ಚ್‌ನ ಹುಡುಗರನ್ನು ಉಳಿದ ಎಷ್ಟೋ ಉತ್ಸಾಹಿ ಗುಂಪುಗಳಿಂದ ಬೇರೆ ಮಾಡಿದ್ದು ಆ ಮೇಜೇ ಎಂದು ನನಗನಿಸುತ್ತದೆ.

ಕೆಲವರು ಸಲಿಕೆ ಮುಟ್ಟದೆ ಫೋನು, ಕಂಪ್ಯೂಟರಿನ ಮುಂದೆ ಕೂತರು. ಯಾವ ಬೀದಿಯ ಯಾವ ಮನೆ, ಮನೆಯಲ್ಲಿ ಯಾರಿದ್ದಾರೆ, ಎಷ್ಟು ಹೂಳು, ತಳ್ಳುಗಾಡಿ ಒಳಗೆ ಹೋಗುವಷ್ಟು ದಾರಿ ಇದೆಯೇ ಎಂದು ಕೇಳಿ ಬರೆದುಕೊಂಡರು. ಬಂದವರನ್ನು ತಂಡಗಳಾಗಿ ಹಂಚಿ, ತಂಡಕ್ಕೊಬ್ಬ ಮುಖ್ಯಸ್ಥನನ್ನಿಟ್ಟು, ಬಸ್ಸಿನಲ್ಲಿ ಒಂದೊಂದು ಬೀದಿಗೆ ಇಳಿಸಿದರು. ಆ ಬೀದಿ ಮುಗಿದ ಸುದ್ದಿ ಫೋನಿನಲ್ಲಿ ಬಂದ ಮೇಲೆ ಮುಂದಿನ ಬೀದಿ. ಮಧ್ಯಾಹ್ನದ ಊಟ ದಾನಿಗಳಿಂದ ಬಂದು ಕೆಲಸದ ಜಾಗಕ್ಕೇ ತಲುಪುತ್ತಿತ್ತು. ಸಂತ್ರಸ್ತರ ಅಡುಗೆಮನೆಗೆ ಹೊರೆಯಾಗಬಾರದೆಂಬುದು ಇಂಥ ಕೆಲಸದ ಮೊದಲ ಶಿಸ್ತು.

ಇನ್ನೂ ಕೆಲವು ಸಣ್ಣ ಉಪಾಯಗಳಿವೆ, ಕೇಳಿದರೆ ಇಷ್ಟೇನಾ ಅನಿಸುವಂಥವು. ಹೂಳನ್ನು ಚರಂಡಿಗೆ ತಳ್ಳಬಾರದು, ತಳ್ಳಿದರೆ ಮುಂದಿನ ಮಳೆಗೆ ಅದೇ ನೀರು ಮನೆಗೆ ಬರುತ್ತದೆ. ರಾಶಿ ಹಾಕುವಾಗ ಲೋಡರ್ ಮುಟ್ಟುವಷ್ಟು ರಸ್ತೆಯ ಹತ್ತಿರ, ವಾಹನ ಓಡಾಡುವಷ್ಟು ದೂರ ಹಾಕಬೇಕು. ಒಣಗಲು ಬಿಟ್ಟರೆ ಅದು ಧೂಳಾಗಿ ಗಂಟಲಿಗಿಳಿಯುತ್ತದೆ, ಆದ್ದರಿಂದ ಮುಖಕ್ಕೆ ಮಾಸ್ಕ್. ಹೂಳಿನಡಿ ಒಡೆದ ಮ್ಯಾನ್‌ಹೋಲ್ ಬಾಯ್ದೆರೆದಿರಬಹುದು, ಹಾಗಾಗಿ ಹೆಜ್ಜೆಗೆ ಮುಂಚೆ ಸಲಿಕೆ ಊರಬೇಕು.

ಈ ಮೇಜು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ವೆಲೆನ್ಸಿಯಾ ನೋಡಿ. 2024ರ ಅಕ್ಟೋಬರ್ 29ರ ಭೀಕರ ಮಳೆಗೆ ಆ ಪ್ರಾಂತ್ಯದ ಊರುಗಳು ಮುಳುಗಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಮೊಬೈಲುಗಳಿಗೆ ಎಚ್ಚರಿಕೆ ಬಂದದ್ದು ರಾತ್ರಿ 8 ದಾಟಿದ ಮೇಲೆ, ಎಷ್ಟೋ ಮನೆಗಳಲ್ಲಿ ನೀರು ಆಗಲೇ ತುಂಬಿತ್ತು. ಮುಂದಿನ ದಿನಗಳಲ್ಲಿ ನಗರದ ಯುವಜನರು ಪೊರಕೆ, ಸಲಿಕೆ, ಬಕೆಟ್ ಹಿಡಿದು ಕಾಲುಸೇತುವೆ ದಾಟಿ ಸಾವಿರಗಟ್ಟಲೆ ನಡೆದುಹೋದರು. ಸರ್ಕಾರಿ ನೆರವು ತಲುಪುವ ಮೊದಲೇ ಇವರು ತಲುಪಿದ ಬೀದಿಗಳಿದ್ದವು. ಅಧಿಕಾರಿಗಳು ಎಚ್ಚೆತ್ತು ನಗರದ ವಿಜ್ಞಾನ ಸಂಕೀರ್ಣದ ಬಳಿ ಎಲ್ಲರನ್ನೂ ಸೇರಿಸಿ ಬಸ್ಸಿನಲ್ಲಿ ಕಳಿಸಲು ಹೊರಟಾಗ ಉದ್ದ ಸಾಲು, ಗಂಟೆಗಟ್ಟಲೆ ಕಾಯುವಿಕೆ, ಸಿಟ್ಟು. ರಸ್ತೆ ಕಟ್ಟಿ ತುರ್ತು ವಾಹನಗಳಿಗೆ ತೊಡಕಾಗುತ್ತಿದೆ ಎಂದು ಒಂದು ಕಡೆ ದೂರು, ನಮ್ಮನ್ನೇಕೆ ತಡೆಯುತ್ತೀರಿ ಎಂದು ಇನ್ನೊಂದು ಕಡೆ. ಇಬ್ಬರ ಮಾತೂ ನಿಜವೇ. ವಿಪತ್ತಿನ ಮಧ್ಯೆ ಪಟ್ಟಿ ಬರೆಯಲು ಶುರು ಮಾಡಿದರೆ ತಡವಾಗಿರುತ್ತದೆ.

ಕೋಬೆ ಕಲಿಸಿದ ಪಾಠ, ಫ್ಲಾರೆನ್ಸ್‌ನ ನೆನಪು

ಪಟ್ಟಿಯನ್ನು ಪದ್ಧತಿಯಾಗಿಸಿದವರು ಜಪಾನಿನವರು. 1995ರ ಜನವರಿ 17ರ ಮುಂಜಾನೆ ಕೋಬೆ ನಗರ ನಡುಗಿ 6,434 ಮಂದಿ ಸತ್ತರು. ಮುಂದಿನ ಒಂದು ವರ್ಷದಲ್ಲಿ 13 ಲಕ್ಷಕ್ಕೂ ಹೆಚ್ಚು ಸ್ವಯಂಸೇವಕರು ಬಂದುಹೋದರು. ಹೆಚ್ಚಿನವರು ಎಳೆಯರು, ಹಿಂದೆಂದೂ ಇಂಥ ಕೆಲಸ ಮಾಡದವರು. ಎಲ್ಲಿ ಹೋಗಬೇಕು, ಏನು ಮಾಡಬೇಕು ತಿಳಿಯದೆ ಅಲೆದವರೂ ಇದ್ದರು. ಜಪಾನ್ ಆ ವರ್ಷವನ್ನು ಸ್ವಯಂಸೇವೆಯ ಮೊದಲ ವರ್ಷ ಎಂದೇ ಕರೆಯುತ್ತದೆ. 1998ರಲ್ಲಿ ಲಾಭರಹಿತ ಸಂಸ್ಥೆಗಳಿಗೆ ಸುಲಭವಾಗಿ ಮಾನ್ಯತೆ ಸಿಗುವ ಕಾನೂನು ಬಂತು.

ಈಗ ಅಲ್ಲಿ ಎಲ್ಲೇ ನೆರೆ, ಕಂಪನವಾದರೂ ಸ್ಥಳೀಯ ಸಮಾಜ ಕಲ್ಯಾಣ ಮಂಡಳಿ ಸ್ವಯಂಸೇವಕ ಕೇಂದ್ರ ತೆರೆಯುತ್ತದೆ. ಬಂದವರು ಹೆಸರು ಬರೆಸಬೇಕು, ವಿಮೆ ಮಾಡಿಸಿರಬೇಕು. ಮನೆಯವರ ಬೇಡಿಕೆಯ ಚೀಟಿಗಳು ಫಲಕದ ಮೇಲಿರುತ್ತವೆ. ಚೀಟಿಗೂ ತಂಡಕ್ಕೂ ಜೋಡಿ ಹಾಕಿ, ಉಪಕರಣ ಕೊಟ್ಟು ಕಳಿಸುತ್ತಾರೆ. ಸಂಜೆಯಾಗುವ ಮುಂಚೆ ವಾಪಸು ಬಂದು, ಸಲಿಕೆ ತೊಳೆದು ಒಪ್ಪಿಸಿ, ಏನು ಮುಗಿಯಿತು ಏನು ಉಳಿಯಿತು ಎಂದು ಹೇಳಬೇಕು. ನಮ್ಮಲ್ಲಿ ಇಷ್ಟು ಕಟ್ಟುನಿಟ್ಟು ನಡೆಯುತ್ತದೆಯೇ ಎಂದು ಕೇಳಬಹುದು. ಮದುವೆ ಮನೆಯ ಪಾತ್ರೆಗಳನ್ನು ಎಣಿಸಿ ಪಡೆದು ಎಣಿಸಿ ಒಪ್ಪಿಸುವ ಊರುಗಳು ನಮ್ಮವು, ನಡೆಯದೇನು.

ಇದಕ್ಕೂ ಹಳೆಯದು ಇಟಲಿಯ ಫ್ಲಾರೆನ್ಸ್‌ನ ಕಥೆ. 1966ರ ನವೆಂಬರ್ 4ರಂದು ಆರ್ನೋ ನದಿ ಊರೊಳಗೆ ನುಗ್ಗಿತು. ಮನೆಗಳನ್ನು ಬೆಚ್ಚಗಿಡುವ ಎಣ್ಣೆಯ ಟ್ಯಾಂಕುಗಳು ಒಡೆದು ಕೆಸರಿಗೆ ಕಪ್ಪು ಎಣ್ಣೆ ಬೆರೆಯಿತು. ರಾಷ್ಟ್ರೀಯ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಲಕ್ಷಾಂತರ ಪುಸ್ತಕಗಳು ಮುಳುಗಿದವು. ಯುರೋಪಿನ ಬೇರೆಬೇರೆ ಕಡೆಯ ವಿದ್ಯಾರ್ಥಿಗಳು ತಾವಾಗಿಯೇ ಬಂದರು. ನಿಲ್ದಾಣದಲ್ಲಿ ನಿಂತ ರೈಲು ಬೋಗಿಗಳಲ್ಲಿ ಮಲಗಿದರು, ಹಗಲು ಸಾಲಾಗಿ ನಿಂತು ಕೈಯಿಂದ ಕೈಗೆ ಪುಸ್ತಕ ದಾಟಿಸಿದರು. ಒದ್ದೆ ಪುಸ್ತಕಗಳನ್ನು ತಂಬಾಕು ಒಣಗಿಸುವ ಗೂಡುಗಳಲ್ಲಿಟ್ಟು ಒಣಗಿಸಲಾಯಿತು. ಜನ ಆ ಹುಡುಗರನ್ನು ಕೆಸರಿನ ದೇವತೆಗಳು ಎಂದರು. ಪುಸ್ತಕ ಸಂರಕ್ಷಣೆ ಎಂಬ ವಿದ್ಯೆ ಆಧುನಿಕ ರೂಪ ಪಡೆದದ್ದು ಆ ಗ್ರಂಥಾಲಯವನ್ನು ಉಳಿಸಿಕೊಳ್ಳುವ ಪ್ರಯತ್ನದಲ್ಲೇ.

ಕೆಸರಿನಲ್ಲಿ ಏನೇನಿರುತ್ತದೆ

ಕೆಸರಿಗಿಳಿಯುವ ಹುರುಪಿನಲ್ಲಿ ಮರೆಯಬಾರದ ಸಂಗತಿಗಳಿವೆ. 2018ರ ಆಗಸ್ಟ್ ಪ್ರವಾಹದಲ್ಲಿ ಕೇರಳದ ಹದಿನಾಲ್ಕು ಲಕ್ಷಕ್ಕೂ ಹೆಚ್ಚು ಜನ ಪರಿಹಾರ ಶಿಬಿರ ಸೇರಿದ್ದರು. ನೀರಿಳಿದ ಮೇಲೆ ಮನೆ ತೊಳೆಯುವ ದೊಡ್ಡ ಅಭಿಯಾನ ನಡೆಯಿತು. ಅದರ ಬೆನ್ನಿಗೇ ಇಲಿ ಜ್ವರ ಬಂತು. ಇಲಿ ಮತ್ತಿತರ ಪ್ರಾಣಿಗಳ ಮೂತ್ರದಿಂದ ನೀರು, ಕೆಸರಿಗೆ ಸೇರುವ ರೋಗಾಣು ಕಾಲಿನ ಸಣ್ಣ ಗಾಯದಿಂದಲೂ ಒಳಹೊಗುತ್ತದೆ. ಮಾಮೂಲಿ ಜ್ವರ, ಮೈಕೈ ನೋವು ಎಂದು ಅಲಕ್ಷಿಸಿದರೆ ಮೂತ್ರಪಿಂಡ, ಯಕೃತ್ತಿಗೆ ಏರುತ್ತದೆ. ಕೇರಳದಲ್ಲಿ ಸಾವುಗಳಾದವು. ಆರೋಗ್ಯ ಇಲಾಖೆ ಶುಚಿ ಕೆಲಸಕ್ಕೆ ಇಳಿದವರಿಗೆಲ್ಲ ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ ಮಾತ್ರೆ ಹಂಚಿತು. ಬೂಟು, ಕೈಗವಸು ಇಲ್ಲದವರನ್ನು ಕೆಸರಿಗಿಳಿಸಬಾರದು ಎಂಬುದು ಈ ಕಾರಣಕ್ಕೆ.

ಹಾವುಗಳೂ ಇರುತ್ತವೆ, ನೀರಿನಿಂದ ತಪ್ಪಿಸಿಕೊಂಡು ಅವೂ ಮನೆಯೊಳಗೇ ಆಸರೆ ಪಡೆದಿರುತ್ತವೆ. ಮೀಟರ್ ಬೋರ್ಡಿಗೆ ನೀರು ನುಗ್ಗಿದ ಮನೆಯಲ್ಲಿ ಸ್ವಿಚ್ ಮುಟ್ಟುವುದು ಅಪಾಯ. ಕೇರಳದಲ್ಲಿ ಐಟಿಐ ವಿದ್ಯಾರ್ಥಿಗಳೂ ಶಿಕ್ಷಕರೂ ತಂಡ ಕಟ್ಟಿಕೊಂಡು ಮನೆಮನೆಗೆ ಹೋಗಿ ವೈರಿಂಗ್, ಪಂಪು, ಮಿಕ್ಸಿ, ಫ್ಯಾನು ಸರಿಪಡಿಸಿಕೊಟ್ಟರು. ಯುವಜನರ ನೆರವೆಂದರೆ ಬರೀ ಬೆನ್ನಿನ ಬಲ ಎಂದುಕೊಂಡವರಿಗೆ ಇದು ಒಳ್ಳೆಯ ಉತ್ತರ. ತರಗತಿಯಲ್ಲಿ ಕಲಿತದ್ದನ್ನು ಹೀಗೆ ಊರಿಗೆ ತೀರಿಸುವ ಅವಕಾಶ ಎಷ್ಟು ಕೋರ್ಸುಗಳಲ್ಲಿದೆ!

ಉತ್ತರ ಕರ್ನಾಟಕದ ಹೊಳೆದಂಡೆ ಊರುಗಳಲ್ಲಿ ಇನ್ನೊಂದು ಅಪಾಯವಿದೆ. 2009ರಲ್ಲಿ, 2019ರಲ್ಲಿ ಕೃಷ್ಣೆ, ಮಲಪ್ರಭೆ, ಘಟಪ್ರಭೆಯ ನೀರು ನುಗ್ಗಿದ ಮನೆಗಳಲ್ಲಿ ಎಷ್ಟೋ ಮಣ್ಣಿನ ಗೋಡೆಯವು, ಮೇಲ್ಮುದ್ದಿ ಹಾಕಿದ ಮಾಳಿಗೆಯವು. ನೀರು ಇದ್ದಷ್ಟು ಹೊತ್ತು ನಿಂತಿದ್ದ ಗೋಡೆ, ನೀರಿಳಿದು ಬಿಸಿಲು ಬಿದ್ದ ಮೇಲೆ ಕುಸಿಯುತ್ತದೆ. ಇಂಥ ಮನೆಯ ರಾಡಿ ಬಳಿಯಲು ಹುಡುಗರನ್ನು ಒಳಗೆ ಬಿಡುವ ಮುನ್ನ ಅನುಭವಿ ಮೇಸ್ತ್ರಿಯೊಬ್ಬ ಗೋಡೆ ನೋಡಬೇಕು.

ಬಳಿಯುವ ಅವಸರದಲ್ಲಿ ಮರೆಯುವ ಇನ್ನೊಂದು ಕೆಲಸ, ಫೋಟೋ. 2019ರ ನೆರೆಯಲ್ಲಿ ರಾಜ್ಯದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಹಾನಿಯಾಯಿತು. ಹಾನಿಯನ್ನು ಎ, ಬಿ, ಸಿ ಎಂದು ವಿಂಗಡಿಸಿ ಪರಿಹಾರ ನಿಗದಿ ಮಾಡಲಾಯಿತು. ಸಮೀಕ್ಷೆಗೆ ಬರುವವರು ಕಂಡದ್ದನ್ನು ಬರೆಯುತ್ತಾರೆ. ಅವರು ಬರುವ ಮೊದಲೇ ಮನೆ ಗುಡಿಸಿ ಒಪ್ಪವಾಗಿದ್ದರೆ ಬಡ ಮನೆಯೊಡತಿಗೆ ನಷ್ಟ. ಆದ್ದರಿಂದ ಸಲಿಕೆ ಊರುವ ಮುಂಚೆ ಗೋಡೆಯ ನೀರಿನ ಗೆರೆ, ಕುಸಿದ ಮೂಲೆ, ಹಗೇವಿನಲ್ಲಿ ಕೊಳೆತ ಜೋಳ ಎಲ್ಲವನ್ನೂ ದಿನಾಂಕ ಸಮೇತ ಮೊಬೈಲಿನಲ್ಲಿ ಹಿಡಿದಿಡಬೇಕು. ಕೈಯಲ್ಲಿ ಸದಾ ಫೋನು ಎಂದು ಬೈಸಿಕೊಳ್ಳುವ ಹುಡುಗರಿಗೆ ಹೇಳಿಮಾಡಿಸಿದ ಕೆಲಸ. ಅರ್ಜಿ ತುಂಬುವುದು, ಆಧಾರ್ ಕಳೆದುಕೊಂಡ ಅಜ್ಜಿಯನ್ನು ನಾಡಕಚೇರಿಗೆ ಕರೆದೊಯ್ಯುವುದು, ಬ್ಯಾಂಕ್ ಪಾಸ್‌ಬುಕ್ ಮತ್ತೆ ಮಾಡಿಸುವುದು ಕೆಸರಿನಷ್ಟೇ ಜಿಗುಟು ಕೆಲಸಗಳು. ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲ ಅಷ್ಟೇ.

ಸಲಿಕೆ ಮುಟ್ಟದ ಕಡೆ

ಎಲ್ಲ ಕೆಸರೂ ಹುಡುಗರಿಗೆ ಬಿಡುವಂಥದ್ದಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು ಕಡೆ ಬೆಟ್ಟವೇ ಜಾರಿ ತೋಟ, ಮನೆ, ರಸ್ತೆ ಒಟ್ಟಿಗೆ ಹೋದವು. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳ ಮೇಲೆ ಗುಡ್ಡದ ನೀರು ಬಂಡೆಗಳ ಸಮೇತ ಹರಿಯಿತು. ಅಲ್ಲಿ ಕಾಲಿಡಬೇಕಾದವರು ಸೇನೆ, ಎನ್‌ಡಿಆರ್‌ಎಫ್, ದೊಡ್ಡ ಯಂತ್ರಗಳು. ಕೊಡಗಿಗೆ ಧಾವಿಸಿದ ಯುವಜನರಲ್ಲಿ ಹೆಚ್ಚಿನವರ ಕೆಲಸ ಶಿಬಿರಗಳಲ್ಲಿ, ದಾಸ್ತಾನು ಕೇಂದ್ರಗಳಲ್ಲಿ ಇತ್ತು. ಬಂದ ಲಾರಿಗಳಿಂದ ಹಳೆ ಬಟ್ಟೆ ಬೇರೆ, ಔಷಧಿ ಬೇರೆ, ಮಕ್ಕಳ ಹಾಲಿನ ಪುಡಿ ಬೇರೆ ಮಾಡಿ ಜೋಡಿಸುವುದು. ಬೇಡದ ಬಟ್ಟೆಯ ರಾಶಿ ಪ್ರತಿ ವಿಪತ್ತಿನಲ್ಲೂ ಇನ್ನೊಂದು ವಿಪತ್ತಾಗುತ್ತದೆ. ಅದನ್ನು ಕರಗಿಸುವುದೂ ಒಂದು ಸೇವೆ.

ಇನ್ನೊಂದು ಮಿತಿ ಕಾಲದ್ದು. ಹುಡುಗರ ರಜೆ ಎರಡು ವಾರ. ಕೊಡಗಿನಲ್ಲಿ ಮನೆ ಕಳೆದುಕೊಂಡವರಿಗೆ ಜಂಬೂರು, ಮಾದಾಪುರ, ಮದೆನಾಡು ಕಡೆ ಕಟ್ಟಿದ ಹೊಸ ಮನೆಗಳ ಕೀಲಿ ಕೈಗೆ ಬರುವ ಹೊತ್ತಿಗೆ ಸುಮಾರು ಎರಡು ವರ್ಷ ಕಳೆದಿತ್ತು. ಆ ಎರಡು ವರ್ಷ ಸರ್ಕಾರದ್ದು. ಯುವಜನರ ದಣಿವರಿಯದ ಸೇವೆಯನ್ನು ಹೊಗಳುವ ಹೇಳಿಕೆಗಳನ್ನು ಕೇಳುವಾಗ, ಆ ಹೊಗಳಿಕೆ ಯಾರ ಹೊಣೆಯನ್ನು ಹಗುರ ಮಾಡುತ್ತಿದೆ ಎಂದು ನೋಡಿಕೊಳ್ಳುವುದು ಒಳ್ಳೆಯದು.

ಕ್ರೈಸ್ಟ್‌ಚರ್ಚ್‌ನಲ್ಲಂತೂ ಇದಕ್ಕಿಂತ ಕಹಿಯಾದದ್ದು ನಡೆಯಿತು. ವಿದ್ಯಾರ್ಥಿಗಳು ಹೂಳೆತ್ತಿದ ಪೂರ್ವದ ಬಡಾವಣೆಗಳ ನೆಲ ಇನ್ನು ಮನೆಗೆ ತಕ್ಕದ್ದಲ್ಲ ಎಂದು 2011ರ ಜೂನಿನಿಂದ ಸರ್ಕಾರ ಕೆಂಪು ವಲಯಗಳನ್ನು ಘೋಷಿಸಿತು. ಸುಮಾರು 8,000 ಮನೆಗಳನ್ನು ಕೊಂಡುಕೊಂಡು ಕೆಡವಿತು. ಬೆಕ್ಸ್‌ಲಿ, ಏವನ್‌ಸೈಡ್‌ನ ಎಷ್ಟೋ ಬೀದಿಗಳು ಈಗ ಹುಲ್ಲುಗಾವಲು, ನದಿಯಂಚಿನ ಹಸಿರು ಪಟ್ಟಿ.

ಹಾಗಾದರೆ ಅಷ್ಟೂ ದುಡಿಮೆ ನೀರಿನಲ್ಲಿ ಹೋಮವೇ? ಹಾಗೆ ಹೇಳಲಾಗದು. ನಿರ್ಧಾರ ಬರುವ ತನಕ, ಬಂದ ಮೇಲೆ ಹಣ ಕೈಸೇರಿ ಬೇರೆ ಮನೆ ಸಿಗುವ ತನಕ ಜನ ಆ ಮನೆಗಳಲ್ಲೇ ಬದುಕಬೇಕಿತ್ತು, ತಿಂಗಳುಗಟ್ಟಲೆ, ಕೆಲವರು ವರ್ಷಗಟ್ಟಲೆ. ಬೀದಿಗೆ ಆಂಬುಲೆನ್ಸ್ ಬರಬೇಕಿತ್ತು, ತಾತ್ಕಾಲಿಕ ಶೌಚಾಲಯ ಇಡಲು ಜಾಗ ಬೇಕಿತ್ತು, ಮನೆಯೊಳಗಿನ ಸಾಮಾನನ್ನಾದರೂ ಉಳಿಸಿಕೊಳ್ಳಬೇಕಿತ್ತು.

ಮೇಜು ಎತ್ತಿಡದೆ

ಸ್ಯಾಮ್ ಜಾನ್ಸನ್‌ಗೆ 2012ರಲ್ಲಿ ವರ್ಷದ ಯುವ ನ್ಯೂಜಿಲೆಂಡಿಗ ಗೌರವ ಬಂತು. ಅದಕ್ಕಿಂತ ಮುಖ್ಯವಾದದ್ದು, ಗುಂಪು ಕರಗಲಿಲ್ಲ. ಅದು ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘವಾಗಿ ಉಳಿಯಿತು. ಭೂಕಂಪ ನೋಡದ ಹೊಸ ವಿದ್ಯಾರ್ಥಿಗಳು ಪ್ರತಿವರ್ಷ ಸೇರಿ ಊರಿನ ಸಣ್ಣಪುಟ್ಟ ಕೆಲಸ ಮಾಡುತ್ತಾರೆ. 2020ರ ಮಾರ್ಚ್‌ನಲ್ಲಿ ಕೋವಿಡ್ ಲಾಕ್‌ಡೌನ್ ಬಂದಾಗ ಮನೆಯಿಂದ ಹೊರಬರಲಾಗದ ಹಿರಿಯರಿಗೆ ದಿನಸಿ ತಲುಪಿಸುವ ವ್ಯವಸ್ಥೆಯನ್ನು ಈ ಸೇನೆ ಬೇಗನೆ ಕಟ್ಟಿತು. ಸಲಿಕೆ ಬೇಕಿರಲಿಲ್ಲ, ಅದೇ ಪಟ್ಟಿಯ ಅಭ್ಯಾಸ ಸಾಕಾಯಿತು.

ನಮ್ಮಲ್ಲಿ ಇಂಥ ಗುಂಪನ್ನು ಹೊಸದಾಗಿ ಕಟ್ಟಬೇಕಿಲ್ಲ. ಗಾಂಧೀಜಿ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು ಶುರುವಾದ ರಾಷ್ಟ್ರೀಯ ಸೇವಾ ಯೋಜನೆಯ ಘಟಕಗಳು ತಾಲ್ಲೂಕು ಕೇಂದ್ರದ ಕಾಲೇಜುಗಳಲ್ಲೂ ಇವೆ. ಎನ್‌ಎಸ್‌ಎಸ್ ಸೇರಿದ ವಿದ್ಯಾರ್ಥಿ ಎರಡು ವರ್ಷದಲ್ಲಿ 240 ಗಂಟೆ ಸೇವೆ ಮಾಡಬೇಕು, ಏಳು ದಿನದ ಹಳ್ಳಿ ಶಿಬಿರಕ್ಕೆ ಹೋಗಬೇಕು. ದೇವಸ್ಥಾನದ ಆವರಣ ಗುಡಿಸಿ, ಗಿಡ ನೆಟ್ಟು, ಸಂಜೆ ಮನರಂಜನೆ ಕೊಟ್ಟು ಮುಗಿಯುವ ಶಿಬಿರಗಳೇ ಹೆಚ್ಚು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2016ರಲ್ಲಿ ಆರಂಭಿಸಿದ ಆಪದಾ ಮಿತ್ರ ಯೋಜನೆ ಮುಂದೆ 350 ಜಿಲ್ಲೆಗಳಲ್ಲಿ 18ರಿಂದ 40 ವಯಸ್ಸಿನ ಒಂದು ಲಕ್ಷ ಸ್ವಯಂಸೇವಕರಿಗೆ ತರಬೇತಿ ಕೊಡುವ ಗುರಿ ಇಟ್ಟುಕೊಂಡಿತು. ಅದರಲ್ಲಿ ಒತ್ತು ಬಿದ್ದಿರುವುದು ರಕ್ಷಣೆ, ಪ್ರಥಮ ಚಿಕಿತ್ಸೆಯ ಮೇಲೆ. ಅದು ಬೇಕಾದದ್ದೇ. ನೀರಿಳಿದ ಮೇಲಿನ ತಿಂಗಳಿಗೂ ಅಷ್ಟೇ ತಯಾರಿ ಬೇಕು.

ಹೊಳೆದಂಡೆಯ ಒಂದು ತಾಲ್ಲೂಕಿನಲ್ಲಿ ಐದಾರು ಕಾಲೇಜುಗಳ ಎನ್‌ಎಸ್‌ಎಸ್ ಘಟಕಗಳು ಮೇ ತಿಂಗಳಲ್ಲೇ ಕೂತು ಮಾಡಬಹುದಾದ ಕೆಲಸವಿದು: ಪಂಚಾಯಿತಿಗಳಲ್ಲಿ ಒಂಟಿ ಹಿರಿಯರಿರುವ ಮನೆಗಳನ್ನು ಗುರುತಿಸಿಕೊಳ್ಳುವುದು, ಐಟಿಐನವರನ್ನೂ ಒಬ್ಬ ಮೇಸ್ತ್ರಿಯನ್ನೂ ಜೊತೆಗೆ ಸೇರಿಸಿಕೊಳ್ಳುವುದು, ಬೂಟು ಮತ್ತು ಬಾಂಡಲಿ ಎಲ್ಲಿಂದ ಬರುತ್ತವೆ, ರಾಡಿ ಎತ್ತಲು ಯಾರ ಟ್ರ್ಯಾಕ್ಟರ್ ಸಿಗುತ್ತದೆ, ಮಾತ್ರೆಗೆ ಯಾವ ಆರೋಗ್ಯ ಕೇಂದ್ರ ಎಂದು ಬರೆದಿಡುವುದು. ಆ 240 ಗಂಟೆಯ ಲೆಕ್ಕದಲ್ಲಿ ಇದನ್ನೂ ಹಿಡಿಯಬಹುದು. ಆ ಹಾಳೆಯ ಒಂದು ಪ್ರತಿ ತಹಶೀಲ್ದಾರರ ಕಚೇರಿಯ ನಿಯಂತ್ರಣ ಕೊಠಡಿಯಲ್ಲಿ, ದೋಣಿಗಳ ಪಟ್ಟಿಯ ಪಕ್ಕದಲ್ಲೇ ಇದ್ದರೆ ಮಳೆಗಾಲದಲ್ಲಿ ಹುಡುಕಾಡುವುದು ತಪ್ಪುತ್ತದೆ.